ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ?

ಕಳೆದ ತಿಂಗಳು ಅರಸೀಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹಳೆ ವಿದ್ಯಾರ್ಥಿಗಳು ಸೇರಿದ್ದರು. ಶಾಲೆಗೆ ಏನಾದರೂ ಕೊಡಬೇಕು, ಹತ್ತನೇ ತರಗತಿಯ ಗಣಿತದ ಫಲಿತಾಂಶ ಮೇಲೆ ಬರಬೇಕು, ಏನು ಕೊಟ್ಟರೆ ಒಳ್ಳೆಯದು ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದರು. ಅಲ್ಲಿ ಮಾತಾಡಿದ್ದನ್ನು ಮನೆಗೆ ಬಂದು ಬರೆದಿಟ್ಟಿದ್ದು ಇದು. ಹೇಳಲು ಮರೆತ ಒಂದೆರಡು ಮಾತನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೈಕ್ ಬೇಡ. 31 ವರ್ಷ ಮೈಕಿಲ್ಲದೆ ಕೂಗಿದ ಗಂಟಲು ಇದು, ಹಿಂದಿನ ಸಾಲಿಗೂ ಕೇಳಿಸುತ್ತದೆ.

ನಾನು ಪಿಸಿಎಂ ಟೀಚರ್ ಆಗಿದ್ದವಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತಕ್ಕೆ ಅಂತಲೇ ಒಬ್ಬರು ಇರುವುದು ಅಪರೂಪ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ ಹುದ್ದೆಗೆ ಬರುತ್ತಾರೆ. 8, 9, 10 ಮೂರು ತರಗತಿಗೂ ಅವರೇ ಗಣಿತ ಮಾಡಬೇಕು, ಜೊತೆಗೆ ವಿಜ್ಞಾನದ ಅರ್ಧ ಭಾರವನ್ನೂ ಹೊರಬೇಕು. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ನೀವು ಕೊಡುವ ಯಾವ ವಸ್ತುವಾದರೂ ಕೊನೆಗೆ ಬಂದು ನಿಲ್ಲುವುದು ಆ ಒಬ್ಬರ ಮೇಜಿನ ಮೇಲೆ.

ನೀವು ಮೂರು ವಸ್ತು ಯೋಚಿಸಿದ್ದೀರಂತೆ. ಸ್ಮಾರ್ಟ್ ಬೋರ್ಡ್, ಗಣಿತ ಪ್ರಯೋಗಾಲಯ, ಮಕ್ಕಳಿಗೆ ಟ್ಯಾಬ್. ಮೂರನ್ನೂ ಬೇಡ ಅನ್ನಲು ನಾನು ಬಂದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಬೀರುವಿನ ಕಥೆ ಕೇಳಿ.

ನನ್ನ ಮೊದಲ ಶಾಲೆ ತೀರ್ಥಹಳ್ಳಿ ಕಡೆಯದು. ಆಫೀಸ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು. ಒಳಗೆ ಮರದ ಶಂಕು, ಸಿಲಿಂಡರ್, ಗೋಳ, ಬೋರ್ಡಿನ ಮೇಲೆ ವೃತ್ತ ಎಳೆಯುವ ದೊಡ್ಡ ಕೈವಾರ, ದೊಡ್ಡ ಕೋನಮಾಪಕ. ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ಕೀಲಿ ಹೆಡ್‌ಮಾಸ್ಟರ್ ಜೇಬಿನಲ್ಲಿ. ಅವರು ಕೆಟ್ಟವರಲ್ಲ, ಪಾಪ. ಆ ಸಾಮಾನೆಲ್ಲ ದಾಸ್ತಾನು ಪುಸ್ತಕದಲ್ಲಿ ಏರಿಸಿದ್ದು. ಒಂದು ಶಂಕು ಕಳೆದರೆ ಆಡಿಟ್‌ನಲ್ಲಿ ಕೇಳುತ್ತಾರೆ, ವರ್ಗವಾಗಿ ಚಾರ್ಜ್ ಕೊಡುವಾಗ ಲೆಕ್ಕ ಸಿಗದಿದ್ದರೆ ಕೈಯಿಂದ ಕಟ್ಟಬೇಕು. ಬಳಸಿ ಸವೆಸಿದರೆ ತಪ್ಪು, ಬಳಸದೆ ಇಟ್ಟರೆ ಯಾರೂ ಕೇಳುವುದಿಲ್ಲ. ಹಾಗಿದ್ದಾಗ ಯಾರು ತಾನೇ ಕೀಲಿ ಕೊಡುತ್ತಾರೆ ಹೇಳಿ?

ಇದು ನಮ್ಮ ಶಾಲೆಯೊಂದರ ಕಥೆಯಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ, 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಅಂತ ಒಂದು ಯೋಜನೆ ಶುರುವಾಯಿತು. ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದಷ್ಟು ಪಾಠೋಪಕರಣ ಕೊಡಬೇಕು ಅನ್ನುವುದು ಅದರ ಉದ್ದೇಶ. ಕೋಣೆಗಳು ಬಂದವು, ಅವು ಈಗಲೂ ಉಪಯೋಗದಲ್ಲಿವೆ. ಪೆಟ್ಟಿಗೆಗಳೂ ಬಂದವು. ಎಷ್ಟೋ ಕಡೆ ಪೆಟ್ಟಿಗೆಗೆ ಬೀಗ ಬಿತ್ತು. ಹಳೆ ಶಿಕ್ಷಕರನ್ನು ಕೇಳಿ ನೋಡಿ, ನಗುತ್ತಾರೆ.

ಈಗ ಕೈವಾರದ ವಿಷಯ. ಬೀರುವಿನಲ್ಲಿದ್ದ ದೊಡ್ಡದಲ್ಲ, ಮಕ್ಕಳ ಜಾಮಿಟ್ರಿ ಬಾಕ್ಸಿನದು.

ಹತ್ತನೇ ತರಗತಿಯಲ್ಲಿ ರಚನೆಗಳ ಪಾಠ ಮಾಡುತ್ತಿದ್ದೆ. 4 ಸೆಂಟಿಮೀಟರ್ ತ್ರಿಜ್ಯದ ವೃತ್ತ, ಕೇಂದ್ರದಿಂದ 7 ಸೆಂಟಿಮೀಟರ್ ದೂರದ ಬಿಂದು, ಅಲ್ಲಿಂದ ವೃತ್ತಕ್ಕೆ ಎರಡು ಸ್ಪರ್ಶಕ ಎಳೆಯಬೇಕು. ಎರಡೂ ಸಮ ಬರಬೇಕು, ಸುಮಾರು 5.7. ಒಬ್ಬ ಹುಡುಗನಿಗೆ ಮಾತ್ರ ಒಂದು 5.7, ಇನ್ನೊಂದು 5.2. ಮರುದಿನ ಬೇರೆ ಲೆಕ್ಕ ಕೊಟ್ಟೆ, ಮತ್ತೆ ಹಾಗೇ. ಗಮನ ಇಲ್ಲ ನಿನಗೆ ಅಂತ ಮೂರು ದಿನ ಬೈದೆ. ನಾಲ್ಕನೇ ದಿನ ಏನನ್ನಿಸಿತೋ, ಅವನ ಪಕ್ಕ ಬೆಂಚಿನ ಮೇಲೆ ಕೂತು ನೋಡಿದೆ. ಹಂತ ಒಂದೂ ತಪ್ಪಿರಲಿಲ್ಲ. ಕೈವಾರದ ತಿರುಪು ಸಡಿಲವಾಗಿತ್ತು. ಅರ್ಧ ಸುತ್ತು ಬರುವಷ್ಟರಲ್ಲಿ ಕಾಲು ಜಾರಿ ಅಗಲವಾಗುತ್ತಿತ್ತು. ಅದು ಅವನ ಅಕ್ಕನ ಕೈವಾರ, ಅದಕ್ಕೂ ಮುಂಚೆ ಅಣ್ಣನದು.

ಅವತ್ತು ಇಡೀ ತರಗತಿಯ ಬಾಕ್ಸ್ ತೆರೆಸಿದೆ. 38 ಮಕ್ಕಳಲ್ಲಿ ಸರಿಯಾದ ಕೈವಾರ ಇದ್ದದ್ದು 11 ಜನರ ಹತ್ತಿರ. ಕೆಲವರ ಸ್ಕೇಲಿನ ಸೊನ್ನೆ ಸವೆದು ಹೋಗಿತ್ತು, ಅವರು ಒಂದರಿಂದ ಅಳೆದು ಆಮೇಲೆ ಒಂದು ಕಳೆಯುತ್ತಿದ್ದರು, ಕೆಲವೊಮ್ಮೆ ಕಳೆಯುವುದನ್ನೇ ಮರೆಯುತ್ತಿದ್ದರು. ಸಂತೆಯಲ್ಲಿ ಕನ್ನಡಕ ರಿಪೇರಿ ಮಾಡುವವನ ಹತ್ತಿರ ಒಂದು ಸಣ್ಣ ಸ್ಕ್ರೂಡ್ರೈವರ್ ಕೊಂಡೆ. ನಿವೃತ್ತಿ ಆಗುವ ತನಕ ನನ್ನ ಬ್ಯಾಗಿನಲ್ಲಿತ್ತು ಅದು. ಮೂರು ದಿನ ಬೈಸಿಕೊಂಡ ಹುಡುಗನಿಗೆ ಕ್ಷಮೆ ಕೇಳಿದೆನಾ ಅಂದರೆ, ಇಲ್ಲ. ಆಗಿನ ಕಾಲದ ಟೀಚರುಗಳು ಹಾಗೆಲ್ಲ ಕೇಳುತ್ತಿರಲಿಲ್ಲ. ಕೇಳಬೇಕಿತ್ತು.

ನೋಟ್‌ಬುಕ್ಕಿನದೂ ಇದೇ ಕಥೆ. ಮನೆಯಲ್ಲಿ ದುಡ್ಡಿಲ್ಲದ ಮಗು ಹಾಳೆ ಉಳಿಸುತ್ತದೆ. ವರ್ಗ ಸಮೀಕರಣವನ್ನು ಎರಡು ಸಾಲಿಗೆ ತುರುಕುತ್ತದೆ. ಮೇಲಿನ ಸಾಲಿನ ಮೈನಸ್ಸು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮಾಯ. ನಾವು ಅದನ್ನು ‘ಚಿಹ್ನೆಯ ತಪ್ಪು’ ಅಂತ ಕೆಂಪು ಗೆರೆ ಎಳೆಯುತ್ತೇವೆ, ನಿಜವಾಗಿ ಅದು ಹಾಳೆಯ ಬಡತನ. ನಾನು ಪರಿಚಯದ ಆಫೀಸುಗಳಿಂದ ಒಂದು ಕಡೆ ಖಾಲಿ ಇರುವ ಹಾಳೆಗಳನ್ನು ತಂದು ಕಿಟಕಿಯ ಮೇಲೆ ಇಡುತ್ತಿದ್ದೆ, ಎಷ್ಟು ಬೇಕಾದರೂ ತಗೊಂಡು ಗೀಚಿ ಅಂತ. ಗಣಿತಕ್ಕೆ ಗೀಚುವ ಜಾಗ ಬೇಕು. ತಪ್ಪು ಮಾಡಲು ಹಾಳೆ ಇಲ್ಲದ ಮಗು ಪ್ರಯತ್ನ ಮಾಡುವುದನ್ನೇ ಬಿಡುತ್ತದೆ, ಪಕ್ಕದವನು ಬರೆದಾದ ಮೇಲೆ ನೋಡಿ ಬರೆಯುತ್ತದೆ.

ನೋಡಿ ಬರೆಯುವುದು ಅಂದೆ ಅಲ್ವಾ, ಅದಕ್ಕೊಂದು ಮಾತು. ಎಂಟನೇ ತರಗತಿಯ ಒಬ್ಬಳು ಯಾವಾಗಲೂ ಪಕ್ಕದವಳ ಪುಸ್ತಕ ನೋಡಿಯೇ ಬರೆಯುತ್ತಿದ್ದಳು. ಕಾಪಿ ಹೊಡೆಯುವ ಹುಡುಗಿ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅವಳಿಗೆ ಬೋರ್ಡು ಕಾಣುತ್ತಿರಲಿಲ್ಲ, ಅಷ್ಟೇ. ಚೀನಾದ ಪಶ್ಚಿಮ ಭಾಗದ 252 ಶಾಲೆಗಳಲ್ಲಿ ದೃಷ್ಟಿದೋಷ ಇದ್ದ ನಾಲ್ಕು, ಐದನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು, 2014ರಲ್ಲಿ ಪ್ರಕಟವಾಯಿತು. ಉಚಿತ ಕನ್ನಡಕ ಕೊಟ್ಟ ಶಾಲೆಗಳ ಮಕ್ಕಳು ಗಣಿತ ಪರೀಕ್ಷೆಯಲ್ಲಿ ಉಳಿದವರಿಗಿಂತ ಮೇಲೆ ಬಂದರು. ಪಾಠ ಬದಲಾಗಿರಲಿಲ್ಲ. ಕನ್ನಡಕವನ್ನು ಗಣಿತದ ಉಪಕರಣ ಅಂತ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ, ನೋಡಿ.

ಮಲೆನಾಡಿನಲ್ಲಿ ಇನ್ನೊಂದು ಸಂಕಟ. ಶೀಟಿನ ಸೂರು. ಜೂನ್ ಜುಲೈನಲ್ಲಿ ಮಳೆ ಹೊಡೆಯಿತೆಂದರೆ ನನ್ನ ಈ ಗಂಟಲೂ ಎರಡನೇ ಬೆಂಚು ದಾಟುತ್ತಿರಲಿಲ್ಲ. ಕರೆಂಟೂ ಇಲ್ಲ, ಕತ್ತಲೆ. ಶಾಲೆ ಶುರುವಾಗುವ ತಿಂಗಳುಗಳೇ ಹಾಗೆ ಕಳೆಯುತ್ತಿದ್ದವು. ಆಮೇಲೆ ಜನವರಿಯಲ್ಲಿ ಮಕ್ಕಳಿಗೆ ಮೊದಲ ಪಾಠ ನೆನಪಿಲ್ಲ ಅಂತ ನಾವೇ ಬೇಜಾರು ಮಾಡಿಕೊಳ್ಳುತ್ತಿದ್ದೆವು.

ಈಗ ನಿಮ್ಮಲ್ಲೊಬ್ಬರು ಆಗಲೇ ಕೇಳಿದ ಪ್ರಶ್ನೆಗೆ ಬರುತ್ತೇನೆ. ಪಕ್ಕದ ಊರಿನ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು ಮೇಡಂ, ಮರುವರ್ಷವೇ ಗಣಿತದ ರಿಸಲ್ಟ್ ಏರಿತು ಅಂದರಲ್ಲ.

ಇರಬಹುದು. ಆದರೆ ಸ್ವಲ್ಪ ತಡೆಯಿರಿ. ಕೀನ್ಯಾದಲ್ಲಿ ಇಂಥದೇ ಒಂದು ವಿಷಯ ಪರೀಕ್ಷೆ ಮಾಡಿದ್ದಾರೆ. ಗೋಡೆಗೆ ತೂಗುಹಾಕಿ ಹಾಳೆ ಮಗುಚುವ ಚಾರ್ಟುಗಳು ಇರುತ್ತವಲ್ಲ, ಅಂಥ ಚಾರ್ಟು ಇರುವ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ನೆ ಹೋಲಿಸಿ ನೋಡಿದಾಗ, ಚಾರ್ಟು ಇರುವ ಕಡೆ ಅಂಕ ಜಾಸ್ತಿ ಕಂಡಿತು. ಆಮೇಲೆ ಸರಿಯಾಗಿ ಪ್ರಯೋಗ ಮಾಡಿದರು. 178 ಶಾಲೆ ತೆಗೆದುಕೊಂಡು ಅರ್ಧಕ್ಕೆ ಚಾರ್ಟು ಕೊಟ್ಟರು, ಅರ್ಧಕ್ಕೆ ಕೊಡಲಿಲ್ಲ. ಅಂಕದಲ್ಲಿ ವ್ಯತ್ಯಾಸವೇ ಇಲ್ಲ! ಚಾರ್ಟು ತರಿಸಿಕೊಳ್ಳುವಷ್ಟು ಕಾಳಜಿ ಇರುವ ಶಾಲೆಯಲ್ಲಿ ಬೇರೆ ಹತ್ತು ಸಂಗತಿ ಮೊದಲೇ ಚೆನ್ನಾಗಿರುತ್ತವೆ. ಒಳ್ಳೆಯ ಹೆಡ್‌ಮಾಸ್ಟರ್, ವಿಚಾರಿಸುವ ತಂದೆತಾಯಿ, ಹುದ್ದೆ ಖಾಲಿ ಇಲ್ಲದಿರುವುದು. ಅಂಕ ತಂದದ್ದು ಅವು, ಹೆಸರು ಬಂದದ್ದು ಚಾರ್ಟಿಗೆ.

ರಿಸಲ್ಟ್ ಅನ್ನುವ ಅಳತೆಗೋಲನ್ನೂ ಸ್ವಲ್ಪ ಅನುಮಾನದಿಂದ ನೋಡಬೇಕು. 2023ರಲ್ಲಿ ಎಸ್ಸೆಸ್ಸೆಲ್ಸಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಕೃಪಾಂಕ ಹೆಚ್ಚಿಸಿಯೂ ಅದು ಶೇ 73.40ಕ್ಕೆ ಇಳಿಯಿತು. ಶಾಲೆಗಳು ಅವೇ, ಬೋರ್ಡು ಬೆಂಚು ಅವೇ. ಹಾಗಾಗಿ ಒಂದು ವರ್ಷದ ಏರಿಳಿತ ನೋಡಿ ಯಾವ ವಸ್ತುವಿಗೂ ಹಾರ ಹಾಕಬೇಡಿ, ಯಾವ ಟೀಚರನ್ನೂ ಬೈಯಬೇಡಿ.

ಇನ್ನೂ ಒಂದು ವಿಷಯ ಆ ಕೀನ್ಯಾದಿಂದಲೇ. ಪಠ್ಯಪುಸ್ತಕ ಇಲ್ಲದ ಶಾಲೆಗಳಿಗೆ ಪುಸ್ತಕ ಕೊಟ್ಟರು. ಪುಸ್ತಕ ಕೊಟ್ಟರೆ ಎಲ್ಲರಿಗೂ ಅನುಕೂಲ ಆಗಲೇಬೇಕು ಅಲ್ವಾ? ಆಗಲಿಲ್ಲ. ಮೊದಲೇ ಮುಂದಿದ್ದ ಮಕ್ಕಳ ಅಂಕ ಮಾತ್ರ ಏರಿತು, ಉಳಿದವರದು ಇದ್ದಲ್ಲೇ ಇತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹಳಷ್ಟು ಮಕ್ಕಳಿಗೆ ಅದು ಮೂರನೇ ಭಾಷೆ. ಪುಸ್ತಕ ಕೈಗೆ ಬಂತು, ಓದಲು ಬರಲಿಲ್ಲ.

ನಮ್ಮಲ್ಲಿ ಪುಸ್ತಕ ಉಚಿತವಾಗಿ ಕೊಡುತ್ತಾರೆ, ಕನ್ನಡದಲ್ಲೇ ಕೊಡುತ್ತಾರೆ. 9, 10ನೇ ತರಗತಿಗೆ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಆದರೆ ಆ ಕನ್ನಡ ಯಾವ ಕನ್ನಡ? ಬಹುಪದೋಕ್ತಿ, ಸಮಾಂತರ ಶ್ರೇಢಿ, ಮೂಲ ಸಮಾನುಪಾತತೆಯ ಪ್ರಮೇಯ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೇ ನಾಲಗೆ ತೊಡರುತ್ತದೆ. ನನ್ನ ತರಗತಿಯಲ್ಲಿ ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದರು, ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿದ್ದರು. ಅವರಿಗೆ ಗಣಿತ ಶುರುವಾಗುವ ಮೊದಲೇ ಪದಗಳ ಬೇಲಿ.

‘ಸಿಲಿಂಡರಿನ ಪಾರ್ಶ್ವ ಮೇಲ್ಮೈ ವಿಸ್ತೀರ್ಣ’ ಅಂತ ಒಂದಿದೆ. ವರ್ಷಗಟ್ಟಲೆ ಸೂತ್ರ ಬರೆಸಿದ್ದೆ, 2πr ಗುಣಿಸು h. ಒಂದು ಸಲ ಮನೆಯಿಂದ ರಾಗಿ ಅಳೆಯುವ ಸೇರು ತಂದೆ. ಅದರ ಸುತ್ತ ಹಳೆ ದಿನಪತ್ರಿಕೆ ಒಂದು ಸುತ್ತು ಸುತ್ತಿ, ಅಂಚು ಕತ್ತರಿಸಿ, ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಆಯತ. ಅದರ ಉದ್ದ ಎಲ್ಲಿಂದ ಬಂತು ಹೇಳಿ ಅಂದೆ. ತಾಂಡಾದ ಹುಡುಗಿ ಒಬ್ಬಳು, ಸಾಮಾನ್ಯವಾಗಿ ಬಾಯಿ ಬಿಡದವಳು, “ಮಿಸ್, ಇದು ಸೇರಿಗೆ ಉಡಿಸಿದ ಸೀರೆ ಅಲ್ವಾ, ಸೇರಿನ ಸುತ್ತಳತೆ ಎಷ್ಟೋ ಸೀರೆ ಅಷ್ಟು ಉದ್ದ” ಅಂದಳು. ನಾನು ಆಮೇಲೆ ಯಾವ ವರ್ಷವೂ ಆ ಸೂತ್ರ ಬಾಯಿಪಾಠ ಮಾಡಿಸಲಿಲ್ಲ. ಬೀರುವಿನ ಮರದ ಸಿಲಿಂಡರಿನಿಂದಲೂ ಇದನ್ನು ಮಾಡಬಹುದಿತ್ತು, ನಿಜ. ಆದರೆ ಸೇರು ಅವಳ ಮನೆಯಲ್ಲೂ ಇತ್ತು. ಅದನ್ನು ಅವಳು ಮೊದಲೇ ನೂರು ಸಲ ಮುಟ್ಟಿದ್ದಳು.

ತ್ರಿಕೋನಮಿತಿಗೂ ಹೀಗೇ. ಕೋನಮಾಪಕ, ಒಂದು ಸ್ಟ್ರಾ, ದಾರ, ತುದಿಗೆ ಒಂದು ನಟ್ಟು. ಇಷ್ಟಿದ್ದರೆ ಎತ್ತರದ ಕೋನ ಅಳೆಯುವ ಸಾಧನ ರೆಡಿ. ಶಾಲೆಯ ಹಿಂದೆ ತೆಂಗಿನ ತೋಟ. ಮರದ ತುದಿ ಸರಿಯಾಗಿ 45 ಡಿಗ್ರಿಯಲ್ಲಿ ಕಾಣುವ ತನಕ ಹಿಂದಕ್ಕೆ ನಡೆಯಿರಿ ಅಂದೆ. ಅಲ್ಲಿಂದ ಬುಡಕ್ಕೆ ಎಷ್ಟು ದೂರವೋ ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಒಬ್ಬ ಹುಡುಗ ಹಿಂದೆ ನಡೆದು ನಡೆದು ಚರಂಡಿಗೆ ಬಿದ್ದ, ಅದು ಬೇರೆ ಮಾತು. ಟ್ಯಾನ್ 45 ಒಂದು ಅನ್ನುವುದನ್ನು ಆ ತಂಡದಲ್ಲಿ ಯಾರೂ ಮರೆತಿರಲಿಕ್ಕಿಲ್ಲ.

ಆದರೆ ಪ್ರಾಮಾಣಿಕವಾಗಿ ಹೇಳಬೇಕು. ಅದೇ ಮಕ್ಕಳನ್ನು ಒಳಗೆ ಕರೆದು 60 ಡಿಗ್ರಿ ಕೋನದ ಲೆಕ್ಕ ಕೊಟ್ಟರೆ ಅರ್ಧ ಜನ ನಿಂತರು. ಚಿತ್ರ ಸರಿ, ಸಮೀಕರಣ ಸರಿ. ನಿಂತದ್ದು 45ನ್ನು ಒಂದೂವರೆಯಿಂದ ಭಾಗಿಸುವಂಥ ಜಾಗದಲ್ಲಿ. ಅಂದರೆ ಹತ್ತನೇ ತರಗತಿಯ ಗಣಿತ ನಿಂತದ್ದು ಐದನೇ ತರಗತಿಯಲ್ಲಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ, ಇಲ್ಲಿ ಸ್ವಲ್ಪ ಹೊತ್ತು ಜಾಸ್ತಿ ತಗೊಳ್ಳುತ್ತೇನೆ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆ ಅಂತ ಒಂದಿದೆ. 2023ರ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಕೇಳಿದರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ನೂರಕ್ಕೆ ಸುಮಾರು 43 ಜನರಿಗೆ. ದೆಹಲಿಯಲ್ಲಿ ಮುರಳೀಧರನ್, ಸಿಂಗ್, ಗಣಿಮಿಯನ್ ಎಂಬ ಮೂವರು ಸಂಶೋಧಕರು 6ರಿಂದ 9ನೇ ತರಗತಿಯ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದ್ದಾರೆ, 2019ರಲ್ಲಿ ಪ್ರಕಟವಾಗಿದೆ. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು, ಒಂಬತ್ತನೇ ತರಗತಿಯ ಮಗು ನಾಲ್ಕೂವರೆ. ಶಾಲೆಗೆ ಹೋದಷ್ಟೂ ಅಂತರ ಹೆಚ್ಚಾಗುತ್ತಿದೆ! ಪುಸ್ತಕ ಮಾತ್ರ ತನ್ನ ಪಾಡಿಗೆ ಮುಂದೆ ಓಡುತ್ತಿದೆ.

ಅಲ್ಲಿ ಚೀಟಿ ಎತ್ತಿ ಕೆಲವು ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂದು ಕೇಂದ್ರಕ್ಕೆ ಹೋಗುವ ಅವಕಾಶ ಕೊಟ್ಟರು. ದಿನಕ್ಕೆ 90 ನಿಮಿಷ. ಅರ್ಧ ಹೊತ್ತು ಮೈಂಡ್‌ಸ್ಪಾರ್ಕ್ ಅನ್ನುವ ಸಾಫ್ಟ್‌ವೇರ್, ಇನ್ನರ್ಧ ಸಣ್ಣ ಗುಂಪಿನ ಪಾಠ. ಆ ಸಾಫ್ಟ್‌ವೇರ್ ಮಗು ಎಲ್ಲಿ ನಿಂತಿದೆ ಅಂತ ಮೊದಲು ನೋಡಿ ಅಲ್ಲಿಂದಲೇ ಶುರು ಮಾಡುತ್ತದೆ. ಒಂಬತ್ತನೇ ತರಗತಿಯ ಮಗುವಿಗೆ ನಾಲ್ಕನೇ ತರಗತಿಯ ಲೆಕ್ಕ ಕೊಡಲು ಅದಕ್ಕೆ ನಾಚಿಕೆ ಇಲ್ಲ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ ದೊಡ್ಡ ಏರಿಕೆ ಕಂಡಿತು. ಇನ್ನೊಂದು ಕಡೆ, ಪೆರುವಿನಲ್ಲಿ 319 ಹಳ್ಳಿ ಶಾಲೆಗಳ ಪ್ರಯೋಗದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟರು, ಗಣಿತದ ಅಂಕ ಅಲ್ಲಾಡಲೇ ಇಲ್ಲ. ಎರಡೂ ಕಂಪ್ಯೂಟರೇ. ಒಂದು ಮಗು ನಿಂತ ಜಾಗ ಹುಡುಕಿಕೊಂಡು ಹೋಯಿತು, ಇನ್ನೊಂದು ಬರೀ ಮಗುವಿನ ಕೈಯಲ್ಲಿ ಕೂತಿತು.

ಇದರಲ್ಲಿ ಒಂದು ಕಹಿ ಇದೆ, ಕೇಳಿ. ದೆಹಲಿಯ ಆ ಮಕ್ಕಳ ಏರಿಕೆ ಅವರ ಶಾಲೆಯ ಗಣಿತ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ಅವರು ಕಲಿತದ್ದು ಹಿಂದಿನ ತರಗತಿಗಳದ್ದು, ಶಾಲೆ ಕೇಳಿದ್ದು ಈ ತರಗತಿಯದು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಹಾಗೇ ಆಗಬಹುದು. ಮಗು ಭಾಗಾಕಾರ ಕಲಿಯಿತು ಅಂತ ನೀವು ಖುಷಿಪಡುವ ಹೊತ್ತಿಗೆ ಪತ್ರಿಕೆಯಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಬಂದಿರುತ್ತದೆ.

ಅದಕ್ಕೇ ನಾವೆಲ್ಲ ಪಾಸಿಂಗ್ ಪ್ಯಾಕೇಜ್ ಹಿಡಿದದ್ದು. ನಾನೂ ಮಾಡಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಗ್ರಾಫ್ ಒಂದು, ಥೇಲ್ಸನ ಪ್ರಮೇಯ ಒಂದು, ರಚನೆ ಒಂದು, ಓಜೀವ್ ಅನ್ನುವ ಸಂಖ್ಯಾಶಾಸ್ತ್ರದ ರೇಖೆ ಒಂದು. 80ರ ಪತ್ರಿಕೆಗೆ ಇಷ್ಟು ಬಾಯಿಪಾಠ ಮಾಡಿಸಿ, ಆಂತರಿಕ 20 ಸೇರಿಸಿ ದಡ ಮುಟ್ಟಿಸುವುದು. ಪ್ರಮೇಯ ಪೂರ್ತಿ ಬರೆಯುವ ಹುಡುಗನಿಗೆ ಅದರಲ್ಲಿ ಬರುವ ‘ಅನುಪಾತ’ ಅಂದರೆ ಏನು ಅಂತ ಕೇಳಿದರೆ ಮುಖ ನೋಡುತ್ತಿದ್ದ. ಪಾಸಾದ. ಅವನ ಅಮ್ಮ ಸ್ವೀಟ್ ತಂದುಕೊಟ್ಟರು. ತಿಂದೆ.

ಸರಿ, ಸ್ಮಾರ್ಟ್ ಬೋರ್ಡು. ಜಿಯೋಜೀಬ್ರಾ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. ಅದರಲ್ಲಿ ವ್ಯಾಸದ ಮೇಲೆ ಒಂದು ಅರ್ಧವೃತ್ತ ಎಳೆದು, ಕಂಸದ ಮೇಲಿನ ಬಿಂದುವನ್ನು ಬೆರಳಿನಿಂದ ಎಳೆದಾಡಿದರೆ ತ್ರಿಭುಜ ಹೇಗೆ ಹೇಗೋ ವಾಲುತ್ತದೆ, ಕೋನ ಮಾತ್ರ 90ರಲ್ಲೇ ನಿಲ್ಲುತ್ತದೆ. ಅದನ್ನು ಮೊದಲ ಸಲ ನೋಡಿದಾಗ, ಇಷ್ಟು ವರ್ಷ ಪಾಠ ಮಾಡಿದ ನನಗೇ ರೋಮಾಂಚನ ಆಯಿತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅದು ಸಾಧ್ಯವೇ ಇಲ್ಲ. ಆದರೆ ಎಳೆದಾಡುವುದು ಟೀಚರ್ ಆಗಿ, ಮಕ್ಕಳು ಸುಮ್ನೆ ನೋಡುತ್ತಾ ಕೂತರೆ ಅದೂ ಒಂದು ಸಿನಿಮಾ. ಮಗು ಎದ್ದು ಬಂದು ಬಿಂದು ಎಳೆಯಬೇಕು, ಕೋನ ಬದಲಾಗುತ್ತೆ ಅಂತ ಪಂಥ ಕಟ್ಟಬೇಕು, ಸೋಲಬೇಕು.

ಹಾಗಾಗಿ ಕೊಡುವುದಾದರೆ ಹೀಗೆ ಕೊಡಿ ಅಂತ ನನ್ನ ಲೆಕ್ಕ. ಬೋರ್ಡಿನ ದುಡ್ಡಿನಲ್ಲಿ ಒಂದು ಪಾಲು ಬದಿಗಿಡಿ. ಒಂದು ತರಗತಿಗೆ ಆಗುವಷ್ಟು ಒಳ್ಳೆಯ ಕೈವಾರ, ಸ್ಕೇಲು, ಗ್ರಾಫ್ ಹಾಳೆ ತಂದು ತರಗತಿಯ ಒಳಗೇ ಇಡಿಸಿ, ಆಫೀಸಿನಲ್ಲಿ ಅಲ್ಲ. ಅವನ್ನು ಬಳಸಿ ಮುಗಿಯುವ ಸಾಮಾನು ಅಂತಲೇ ಬರೆಸಿ, ಕಳೆದರೆ ಒಡೆದರೆ ನಾವು ಲೆಕ್ಕ ಕೇಳುವುದಿಲ್ಲ ಅಂತ ಹೆಡ್‌ಮಾಸ್ಟರಿಗೆ ಒಂದು ಪತ್ರ ಕೊಡಿ. ಆ ಪತ್ರಕ್ಕೆ ಖರ್ಚಿಲ್ಲ, ಆದರೆ ಬೀಗ ತೆಗೆಸುವುದು ಅದೇ. ಕರಿಹಲಗೆಯ ಒಂದು ಮೂಲೆಗೆ ಪೇಂಟರ್ ಕರೆಸಿ ಚೌಕುಳಿ ಗೆರೆ ಹಾಕಿಸಿ. ಇಲ್ಲದಿದ್ದರೆ ಗ್ರಾಫ್ ಪಾಠದ ದಿನ ಟೀಚರ್ ಅರ್ಧ ಪೀರಿಯಡ್ ಗೆರೆ ಎಳೆಯುವುದರಲ್ಲೇ ಕಳೆಯುತ್ತಾರೆ. ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮಾಡಿಸಿ. ಉಳಿದ ದುಡ್ಡಿನಲ್ಲಿ, ಊರಿನಲ್ಲಿ ಬಿ.ಎಸ್‌ಸಿ ಮುಗಿಸಿ ಕೂತಿರುವ ಒಬ್ಬ ಹುಡುಗಿಗೋ ಹುಡುಗನಿಗೋ ಸಂಬಳ ಕೊಟ್ಟು, ಸಂಜೆ ಒಂದು ಗಂಟೆ ಎಂಟನೇ ತರಗತಿಯವರಿಗೆ ಭಾಗಾಕಾರ, ಭಿನ್ನರಾಶಿ, ಮೈನಸ್ಸು ಹೇಳಿಸಿ. ಎಂಟನೇ ತರಗತಿಯವರಿಗೆ ಅಂದೆ, ಗಮನಿಸಿ. ಹತ್ತನೆಯವರಿಗೆ ಜನವರಿಯಲ್ಲಿ ಶುರು ಮಾಡಿದರೆ ಅದು ಪಾಸಿಂಗ್ ಪ್ಯಾಕೇಜೇ ಆಗುತ್ತದೆ. ಫಲ ಕಾಣಲು ಮೂರು ವರ್ಷ ಬೇಕು, ಅಷ್ಟು ದಿನ ಫೋಟೋ ಹಾಕಲು ಏನೂ ಇರುವುದಿಲ್ಲ ನಿಮಗೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಒಬ್ಬ ತಾಯಿ, “ನಮಗೆ ಓದು ಬರಲ್ಲ ಮೇಡಂ, ಮನೇಲಿ ನಾವೇನು ಹೇಳಿಕೊಡೋದು” ಅಂದರು. ಕೊಬ್ಬರಿ ವ್ಯಾಪಾರದವನು ತೂಕ ಹಾಕಿದಾಗ ಮಗಳ ಕೈಲಿ ಲೆಕ್ಕ ಮಾಡಿಸಿ, ಮೊಬೈಲ್ ತೆಗೆಯಲು ಬಿಡಬೇಡಿ ಅಂದೆ. ಅವರು ನಕ್ಕು, “ಅವಳು ತಪ್ಪು ಮಾಡಿದ್ರೆ ನಮಗೇ ಲಾಸು” ಅಂದರು. ಒಂದು ಮೂಟೆಯದ್ದು ಮಾತ್ರ ಮಾಡಿಸಿ ಅಂದೆ.

ಬೆಂಗಳೂರಿನಿಂದ ಬಂದಿದ್ದ ಇನ್ನೊಬ್ಬರು ಮೊಬೈಲಿನಲ್ಲಿ ಆಗಲೇ ಕೈವಾರದ ರೇಟು ನೋಡುತ್ತಿದ್ದರು. ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ, ಲೋಟ ಹಂಚುತ್ತಿದ್ದ ಒಂಬತ್ತನೇ ತರಗತಿಯ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

“ಮಿಸ್, ಸ್ಮಾರ್ಟ್ ಬೋರ್ಡ್ ಬರುತ್ತಾ ಇಲ್ವಾ?”

ಬರಬಹುದು ಕಣೋ, ಯಾಕೆ ಅಂದೆ.

“ಮ್ಯಾಚ್ ಹಾಕ್ತಾರಾ ಅಂತ.”